ಉರಿಯುವಾಗಲೇ ಮುಚ್ಚಿದ ಗುಂಡಿ

ಸುಟ್ಟ ತೆಂಗಿನ ಚಿಪ್ಪಿನ ಹೊಗೆ ಮೊದಲು ಗಂಟಲಿಗೆ ಬರುತ್ತದೆ, ಆಮೇಲೆ ಮೂಗಿಗೆ. ಕಳೆದ ತಿಂಗಳು ತಿಪಟೂರಿನಿಂದ ಬರುತ್ತಿದ್ದಾಗ ಬಸ್ಸು ಕಿಬ್ಬನಹಳ್ಳಿ ಕ್ರಾಸಿನಲ್ಲಿ ನಿಂತಿತು. ಪಕ್ಕದ ಸೀಟಿನವರು ಎಳನೀರು ಕುಡಿಯಲು ಇಳಿದರು. ನಾನು ಕಿಟಕಿಯ ಗಾಜು ಸರಿಸಿದೆ. ತೋಟಗಳ ಆಚೆಯಿಂದ, ಎಷ್ಟು ದೂರದಿಂದಲೋ, ಆ ಹೊಗೆ ಬಂತು. ಟಾರು, ಕಮಟು ಎಣ್ಣೆ, ಸುಟ್ಟ ಕೂದಲು, ಮೂರೂ ಸೇರಿದಂಥ ವಾಸನೆ. ಬಾಯಲ್ಲಿ ನೀರು ಕಿತ್ತುಕೊಂಡು ಬಂತು. ಇಳಿದು ರಸ್ತೆ ಪಕ್ಕದಲ್ಲಿ ಎರಡು ಸಲ ಉಗಿದೆ.

"ಏನ್ ಸಾರ್, ಬಸ್ ಆಗಲ್ವಾ ನಿಮ್ಗೆ?" ಎಂದ ಕಂಡಕ್ಟರ್.

"ಹೊಗೆ ಕಣಪ್ಪ."

"ಯಾವ್ ಹೊಗೆ?" ಅವನು ಗಾಳಿಯನ್ನು ಮೂಸಿ ನೋಡಿದ. "ಓ ಇದಾ. ಇದು ಇದ್ದಿದ್ದೇ ಬುಡಿ."

ಇದ್ದಿದ್ದೇ. ನಾನೂ ಹಾಗೆ ಅಂದುಕೊಂಡೇ ಆ ಊರಿನಲ್ಲಿ ಕೆಲಸ ಮಾಡಿದವನು. ಊರಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆಯದೆ ಇರುವುದಕ್ಕೆ ಒಳ್ಳೆಯ ಕಾರಣವೇನೂ ಇಲ್ಲ, ಹೆದರಿಕೆ ಅಷ್ಟೆ. ಕಿಬ್ಬನಹಳ್ಳಿಯಿಂದ ಹುಳಿಯಾರಿನ ಕಡೆಗೆ ಹೋಗುವಾಗ ಒಳಗೆ ತಿರುಗಿದರೆ ಸಿಗುತ್ತದೆ. ಅಲ್ಲಿನ ಪ್ರೌಢಶಾಲೆಯಲ್ಲಿ ನಾನು ಕನ್ನಡ ಮೇಷ್ಟ್ರಾಗಿದ್ದೆ. ನಾನು ದಬ್ಬೇಘಟ್ಟದ ಕಡೆಯವನು, ಕಾಲುವೆ ನೀರು ಹರಿಯುವ ಗದ್ದೆಗಳ ನಡುವೆ ಬೆಳೆದವನು. ಒಣ ತೆಂಗಿನ ಸೀಮೆ ನನಗೆ ಹೊಸದು. ಮೊದಲ ತಿಂಗಳು ಕೆಮ್ಮಿದೆ. ಎರಡನೆಯ ತಿಂಗಳಿಂದ ಅಭ್ಯಾಸವಾಯಿತು.

ಶಾಲೆಯ ಹಿಂದಿನ ಕಾಂಪೌಂಡಿಗೆ ಅಂಟಿಕೊಂಡಂತೆ ಗುರುಬಸಪ್ಪನವರ ಇದ್ದಿಲು ಗುಂಡಿಗಳಿದ್ದವು. ಅವರು ಕೊಬ್ಬರಿ ವ್ಯಾಪಾರದವರು. ಕೊಬ್ಬರಿ ಬಿಡಿಸಿದ ಮೇಲೆ ಉಳಿಯುವ ಚಿಪ್ಪನ್ನು ಊರೂರಿನಿಂದ ತರಿಸಿ, ನೆಲದಲ್ಲಿ ತೋಡಿದ ಇಟ್ಟಿಗೆಯ ಗುಂಡಿಗಳಲ್ಲಿ ಸುಟ್ಟು, ಇದ್ದಿಲು ಮಾಡಿ ಲಾರಿಗೆ ತುಂಬಿಸುತ್ತಿದ್ದರು. ಶಾಲೆಯ ರಂಗಮಂದಿರವನ್ನು ಕಟ್ಟಿಸಿಕೊಟ್ಟವರೂ ಅವರೇ. ಅದರ ಪ್ರತಿ ಮೆಟ್ಟಿಲ ಮೇಲೆ ಅವರ ತಂದೆಯ ಹೆಸರು ಕೆತ್ತಿಸಿದ್ದರು. ಹತ್ತುವಾಗ ಅವರ ತಂದೆಯನ್ನು ಐದು ಸಲ ತುಳಿಯಬೇಕಾಗಿತ್ತು. ರಂಗಮಂದಿರದ ಹಿಂಗೋಡೆಯೇ ಗುಂಡಿಗಳ ಕಡೆಯ ಗೋಡೆ. ಗಾಳಿಗೆಂದು ಅದರಲ್ಲಿ ಎರಡು ಸಾಲು ಜಾಲಂಧ್ರ ಬಿಡಿಸಿದ್ದರು.

ಮಧ್ಯಾಹ್ನ ಊಟದ ಡಬ್ಬಿಯ ಮುಚ್ಚಳ ತೆಗೆದು ಸ್ವಲ್ಪ ಹೊತ್ತು ಮಾತಿಗೆ ಕೂತರೆ ಮೊಸರನ್ನದ ಮೇಲೆ ಕಪ್ಪು ಚುಕ್ಕೆ ಬಿದ್ದಿರುತ್ತಿದ್ದವು. ಅವನ್ನು ಚಮಚೆಯ ತುದಿಯಿಂದ ತೆಗೆದು ಪಕ್ಕಕ್ಕಿಟ್ಟು ಉಳಿದದ್ದನ್ನು ಉಣ್ಣುತ್ತಿದ್ದೆವು. ಮಕ್ಕಳ ಬಿಳಿ ಅಂಗಿಯ ಕಾಲರು ಬೂದಿ ಬಣ್ಣಕ್ಕೆ ತಿರುಗುತ್ತಿತ್ತು. ಬೆಳಿಗ್ಗೆ ಮುಖ ತೊಳೆಯುವಾಗ ಮೂಗಿನಿಂದ ಬರುವುದು ಕಪ್ಪಗಿರುತ್ತಿತ್ತು. ನೀರು ಸುರಿದು ಕಳಿಸಿಬಿಡುತ್ತಿದ್ದೆ. ಒಂದು ಸಲ ಅರ್ಜಿ ಕೊಡೋಣವೆಂದು ಶಾಲೆಯಲ್ಲಿ ಮಾತು ಬಂದಿತ್ತು. ಮುಖ್ಯೋಪಾಧ್ಯಾಯಿನಿ ವಿಮಲಾ ಮೇಡಂ, "ಕೊಡಬೋದು ಕಣ್ರೀ. ಆಮೇಲೆ ಕಾಂಪೌಂಡ್ ಗೇಟ್ ಯಾರ ಹತ್ರ ಹಾಕಿಸ್ಕೊಳ್ಳೋದು?" ಎಂದಿದ್ದರು. ನಾವೆಲ್ಲ ನಕ್ಕು ಟೀ ಕುಡಿದೆವು.

ನಾನು ಹೇಳಬೇಕಾದದ್ದು ನಾನು ಅಲ್ಲಿದ್ದ ಒಂದು ವರ್ಷದ ಮಾತು, ರಕ್ಷಿತಾ ಹತ್ತನೆಯ ತರಗತಿಯಲ್ಲಿದ್ದ ವರ್ಷದ್ದು.

ರಕ್ಷಿತಾ ಊರಿನಿಂದ ಎರಡು ಕಿಲೋಮೀಟರ್ ಆಚೆಯ ಹಟ್ಟಿಯ ಹುಡುಗಿ. ಮನೆಯಲ್ಲಿ ಕುರಿಗಳಿದ್ದವು, ಅಜ್ಜ ಮೇಯಿಸುತ್ತಿದ್ದರು. ಅಪ್ಪ ಜುಂಜಣ್ಣ ಕುರಿ ಬಿಟ್ಟು ಗುರುಬಸಪ್ಪನವರ ಗುಂಡಿ ಸುಡುವ ಕೆಲಸಕ್ಕೆ ಸೇರಿ ಹತ್ತು ವರ್ಷದ ಮೇಲಾಗಿತ್ತು. ಹಟ್ಟಿಯ ಪ್ರಾಥಮಿಕ ಶಾಲೆಗೆ ಹಿಂದೆ ಬಂದಿದ್ದ ಒಬ್ಬ ಟೀಚರಿಗೆ ಸಂಗೀತ ಗೊತ್ತಿತ್ತು. ನಾಲ್ಕನೆಯ ತರಗತಿಯಲ್ಲಿದ್ದ ಇವಳಿಗೆ ಅವರೇ ಸರಳೆವರಸೆ ಹೇಳಿಕೊಟ್ಟರು. ಅವರು ನಿವೃತ್ತರಾಗಿ ತಿಪಟೂರಿಗೆ ಹೋದ ಮೇಲೂ ಇವಳು ಬಿಡಲಿಲ್ಲ. ಪ್ರತಿ ಭಾನುವಾರ ಬಸ್ಸು ಹತ್ತಿ ಅವರ ಮನೆಗೆ ಹೋಗುತ್ತಿದ್ದಳು.

ಅವಳ ದನಿ ಸಿಹಿ ಎಂದು ಹೇಳಲಾರೆ. ಸ್ವಲ್ಪ ದಪ್ಪ, ತಳದಲ್ಲಿ ಒರಟು. ಆದರೆ ಒಂದು ಸ್ವರದ ಮೇಲೆ ನಿಂತರೆ ಅಲುಗುತ್ತಿರಲಿಲ್ಲ. ಆಟದ ಸಾಮಾನಿನ ಕೋಣೆಯ ಬೀಗದ ಕೈ ನನ್ನ ಹತ್ತಿರ ಇರುತ್ತಿತ್ತು. ಊಟದ ಬಿಡುವಿನಲ್ಲಿ ಅವಳು ಬಂದು ಕೇಳುತ್ತಿದ್ದಳು, ನಾನು ಕೊಡುತ್ತಿದ್ದೆ. ವಾಲಿಬಾಲ್ ಬಲೆ, ಗುಂಡು, ಹರಿದ ಚಾಪೆಗಳ ನಡುವೆ ಕೂತು, ಅಪ್ಪನ ಹಳೆಯ ಫೋನಿನಲ್ಲಿ ಶ್ರುತಿ ಹಾಕಿಕೊಂಡು, ಶಂಕರಾಭರಣದ ಒಂದು ಕೀರ್ತನೆಯನ್ನು ಅಭ್ಯಾಸ ಮಾಡುತ್ತಿದ್ದಳು. ನಿಧಾನ ಕಾಲದ್ದು. ನನಗೆ ಸಂಗೀತ ಗೊತ್ತಿಲ್ಲ. ಆದರೆ ಒಂದೇ ಸಾಲನ್ನು ನೂರು ಸಲ ಕೇಳಿದರೆ ಎಲ್ಲಿ ಸರಿಯಾಯಿತು, ಎಲ್ಲಿ ಆಗಲಿಲ್ಲ ಎಂಬುದು ಯಾರಿಗಾದರೂ ತಿಳಿಯುತ್ತದೆ. ಪಲ್ಲವಿಗೇ ಆಷಾಢದ ಗಾಳಿಯೆಲ್ಲ ಮುಗಿಯಿತು. ಅನುಪಲ್ಲವಿಯಲ್ಲಿ ಮೇಲಿನ ಷಡ್ಜಕ್ಕೆ ಹತ್ತಿ ನಿಲ್ಲುವ ಒಂದು ಜಾಗವಿತ್ತು. ಅದು ದಸರಾ ರಜೆ ಕಳೆದ ಮೇಲೆ ಒಂದು ದಿನ ಕೈಗೆ ಹತ್ತಿತು. ಚರಣ ಮುಗಿಯುವ ಹೊತ್ತಿಗೆ ಕಾರ್ತಿಕ ಬಂದಿತ್ತು.

ತರಗತಿಯ ಹುಡುಗಿಯರು ಅವಳನ್ನು "ಅಲಾರಾಂ" ಎಂದು ಕರೆಯುತ್ತಿದ್ದರು. "ಅಲಾರಾಂ, ಇವತ್ತು ಎಷ್ಟು ಗಂಟೆಗೆ ಹೊಡ್ಕಂತೀಯೇ?" ಎಂದರೆ, "ನೀನು ಸಾಯೋ ಹೊತ್ಗೆ ಕಣೇ" ಎನ್ನುತ್ತಿದ್ದಳು. ಬಾಯಿ ಚುರುಕು.

ಜುಂಜಣ್ಣ ಕೆಲವೊಮ್ಮೆ ಗೋಡೆಯ ಆ ಕಡೆಯಿಂದ ತಲೆ ಎತ್ತಿ ನನ್ನನ್ನು ಕೂಗುತ್ತಿದ್ದ. ಮುಖವೆಲ್ಲ ಮಸಿ, ಕಣ್ಣಿನ ಸುತ್ತ ಮಾತ್ರ ಉಜ್ಜಿಕೊಂಡ ಬಿಳುಪು.

"ಎಲ್ಲಿಗ್ ಬಂತು ಸಾ, ನಮ್ ಮಗೀದು?"

"ಚರಣಕ್ಕೆ ಬಂತು ಜುಂಜಣ್ಣ."

"ಕಾಲಿಗ್ ಬಂತಾ! ತಲೆಯಿಂದ ಶುರು ಮಾಡಿದ್ದು ಕಾಲಿಗ್ ಬಂತು ಅಂದ್ರೆ ಮುಗೀತು ಅನ್ನಿ."

ಅವನೇ ನನಗೆ ಗುಂಡಿಯ ಕೆಲಸ ಹೇಳಿಕೊಟ್ಟದ್ದು. ತಳಕ್ಕೆ ಬೆಂಕಿ ಇಟ್ಟು ಚಿಪ್ಪು ಸುರಿಯುತ್ತಾರೆ. ಉರಿ ಮೇಲಕ್ಕೆ ಬಂದು ಧಗಧಗ ಎನ್ನುವಾಗ ಹೊಗೆ ಕಡಿಮೆ, ಏಕೆಂದರೆ ಹೊಗೆಯೇ ಉರಿದುಹೋಗುತ್ತದೆ. ಉರಿ ತಾನಾಗಿ ಇಳಿದು ಚಿಪ್ಪು ಕೆಂಡವಾದ ಮೇಲೆ ತಗಡು ಮುಚ್ಚಿ, ಸುತ್ತ ಹಸಿ ಮಣ್ಣು ಮೆತ್ತಿ, ಮಾರನೆಯ ದಿನ ತೆಗೆಯಬೇಕು. ಉರಿಯುವಾಗಲೇ ಮುಚ್ಚಿದರೆ ಉರಿ ಸಾಯುತ್ತದೆ, ಹೊಗೆ ಸಾಯುವುದಿಲ್ಲ. ಸಂದು ಸಿಕ್ಕ ಕಡೆಯೆಲ್ಲ ನುಗ್ಗುತ್ತದೆ. "ಉರಿಯೋ ಗುಂಡಿ ಮುಚ್ಚೋದು ಒಂದೇ, ಉಚ್ಚೆ ಹುಯ್ಯೋನ ಕೈ ಹಿಡ್ಯೋದು ಒಂದೇ ಸಾ. ಎಲ್ಲಿಗ್ ಹಾರ್ತದೋ ಹೇಳಕಾಗಲ್ಲ" ಎಂದು ನಗಿಸಿದ್ದ.

ಮಾಗಿಯಲ್ಲಿ ತಿಪಟೂರಿನ ಟೀಚರು ಒಂದು ಸುದ್ದಿ ಕಳಿಸಿದರು. ತುಮಕೂರಿನಲ್ಲಿ ಒಬ್ಬ ಹಿರಿಯ ಗಾಯಕಿ ಇದ್ದಾರೆ, ಪ್ರತಿ ವರ್ಷ ಹತ್ತನೆಯ ತರಗತಿ ಮುಗಿಸಿದ ಇಬ್ಬರು ಹುಡುಗಿಯರನ್ನು ತಮ್ಮ ಮನೆಯಲ್ಲೇ ಇಟ್ಟುಕೊಂಡು, ಕಾಲೇಜಿಗೆ ಸೇರಿಸಿ, ಸಂಗೀತ ಕಲಿಸುತ್ತಾರೆ ಎಂದು. ರಕ್ಷಿತಾಳ ವಿಷಯ ಹೇಳಿದಾಗ ಅವರು, "ಮನೇಲಿ ಕೂರಿಸಿ ಕೇಳೋದಿಲ್ಲ. ಎದುರಿಗೆ ಜನ ಇರುವಾಗ ಹೇಗೆ ಹಾಡ್ತಾಳೋ ಕೇಳ್ಬೇಕು" ಎಂದರಂತೆ. ನಮ್ಮ ಶಾಲಾ ವಾರ್ಷಿಕೋತ್ಸವಕ್ಕೆ ಬರಲು ಒಪ್ಪಿದರು. ಹತ್ತನೆಯ ತರಗತಿ ಮುಗಿದರೆ ಹಟ್ಟಿಯಲ್ಲಿ ಮದುವೆಯ ಮಾತು ಎದ್ದೇ ಏಳುತ್ತಿತ್ತು. ರಕ್ಷಿತಾಳಿಗೂ ಅದು ಗೊತ್ತಿತ್ತು. ಬೀಗದ ಕೈ ಕೇಳಲು ಬಂದಾಗ, "ಅವ್ರು ಬೇಡ ಅಂದ್ರೆ ಮುಗೀತು ಸಾರ್. ಅಜ್ಜ ಆಗ್ಲೇ ಗಂಡು ನೋಡಿಟ್ಟೈತೆ" ಎಂದಳು. ನಗುತ್ತಲೇ ಹೇಳಿದಳು.

ವಾರ್ಷಿಕೋತ್ಸವದ ಎರಡು ದಿನ ಮೊದಲಿಂದ ಗುಂಡಿ ಹಚ್ಚಬೇಡಿ ಎಂದು ಗುರುಬಸಪ್ಪನವರನ್ನು ಕೇಳಿಕೊಂಡಿದ್ದೆವು. "ಅಯ್ಯೋ ಮೇಷ್ಟ್ರೇ, ಅದ್ನೂ ಹೇಳ್ಬೇಕಾ?" ಎಂದಿದ್ದರು. ಆ ದಿನ ಬೆಳಿಗ್ಗೆ ನೋಡಿದರೆ ಮೂರು ಗುಂಡಿ ಉರಿಯುತ್ತಿದ್ದವು. ಚಿಪ್ಪಿನ ಲೋಡು ಹೆಚ್ಚಿಗೆ ಬಂದುಬಿಟ್ಟಿತ್ತಂತೆ.

ಮೋಡವಿಲ್ಲದ, ತಣ್ಣನೆಯ ಬಿಸಿಲಿನ ದಿನ. ಗುಂಡಿಗಳು ಉರಿಯುತ್ತಿದ್ದರೂ ಹೊಗೆ ಹೆಚ್ಚಿರಲಿಲ್ಲ. ಮಕ್ಕಳ ಪ್ರಾರ್ಥನೆ, ಎರಡು ನೃತ್ಯ, ಒಂದು ಕಿರುನಾಟಕ ಚೆನ್ನಾಗಿಯೇ ನಡೆದವು. ನಿರೂಪಣೆ ನನ್ನದು. ಹನ್ನೊಂದು ಗಂಟೆಗೆ ವಿಮಲಾ ಮೇಡಂ ನನ್ನನ್ನು ಕರೆದು, ಅತಿಥಿಗಳಿಗೆ ಹಾಕುವ ಕೊಬ್ಬರಿ ಹಾರಗಳು ಸಾಹುಕಾರ ಗುರುಬಸಪ್ಪನವರ ಆಫೀಸಿನಲ್ಲಿವೆ, ತನ್ನಿ ಎಂದರು. ಆ ಕಡೆ ದೊಡ್ಡವರಿಗೆ ಹೂವಿನ ಹಾರ ಸಾಲದು. ಉಂಡೆ ಕೊಬ್ಬರಿಗಳನ್ನು ಹುರಿಯಲ್ಲಿ ಪೋಣಿಸಿ, ಹೊಳೆಯಲೆಂದು ಎಣ್ಣೆ ಸವರಿ ಹಾಕುತ್ತಾರೆ. ನಾನು ಕಾಂಪೌಂಡು ದಾಟಿ ಗುಂಡಿಗಳ ಕಡೆಗೆ ಹೋದೆ.

ಗುರುಬಸಪ್ಪನವರು ಗುಂಡಿಯ ಹತ್ತಿರ ನಿಂತಿದ್ದರು. ಇಸ್ತ್ರಿ ಮಾಡಿದ ಬಿಳಿ ಪಂಚೆ, ಬಿಳಿ ಶರ್ಟು. ಎದುರಿಗೆ ಜುಂಜಣ್ಣ.

"ಲೇ ಜುಂಜ, ಮುಚ್ಲಾ ಅದ್ನ. ಸಾಹೇಬ್ರು ಬರೋ ಹೊತ್ತಿಗೆ ಗೋಡೆ ಮೇಲೆ ಬೆಂಕಿ ಕುಣೀತಿದ್ರೆ ಏನ್ ಮರ್ವಾದಿ?" ಸಾಹೇಬರು ಎಂದರೆ ಅಂದಿನ ಮುಖ್ಯ ಅತಿಥಿ, ಒಬ್ಬ ರಾಜಕೀಯ ಮುಖಂಡರು.

"ಅಣ್ಣೋ, ಈಗ್ ತಾನೆ ಉರಿ ಮೇಲಕ್ ಬಂದದೆ. ಈಗ್ ಮುಚ್ಚುದ್ರೆ ಹೊಗೆ ಎಲ್ಲಾ ಆ ಕಡೀಕೇ ನುಗ್ತದೆ. ಉರಿಯಾಕ್ ಬುಡಿ. ಹನ್ನೆರಡು ಗಂಟ್ಗೆ ತಾನೇ ಇಳೀತದೆ."

"ನಂಗೇಳ್ಕೊಡ್ತೀಯಾ?"

"ನಿಮ್ಗಲ್ಲಣ್ಣ. ಹನ್ನೊಂದೂವರೆಗೆ ನಮ್ ಮಗಿ ಹಾಡ್ತದೆ. ತುಮ್ಕೂರಿಂದ ಬತ್ತಾವ್ರೆ ಕೇಳಕೆ."

ಗುರುಬಸಪ್ಪ ನಕ್ಕರು. "ಓಹೋ, ಅಲ್ಲಿಗ್ ಬಂತಾ ಮಾತು! ಸಾಹೇಬ್ರು ಬರ್ತಿರೋದು ನಿನ್ ಮಗಳ ಹಾಡಿಗಲ್ಲ ಕಣ್ಲಾ." ಆಮೇಲೆ ನನ್ನ ಕಡೆ ತಿರುಗಿದರು. "ನೀವೇ ಹೇಳಿ ಮೇಷ್ಟ್ರೇ, ಓದ್ಕೊಂಡೋರು. ದೊಡ್ಡೋರು ಬಂದಾಗ ಬೆಂಕಿ ಕಾಣ್ಬೇಕಾ, ಮುಚ್ಚಿರ್ಬೇಕಾ?"

ಆ ಹೊತ್ತನ್ನು ನಾನು ನಿಖರವಾಗಿ ಹೇಳಬೇಕು. ಜುಂಜಣ್ಣ ನನ್ನನ್ನೇ ನೋಡುತ್ತಿದ್ದ. ಉರಿಯುವ ಗುಂಡಿಯನ್ನು ಮುಚ್ಚಿದರೆ ಏನಾಗುತ್ತದೆ ಎಂಬುದು ನನಗೆ ಗೊತ್ತಿತ್ತು, ಅವನೇ ಹೇಳಿಕೊಟ್ಟಿದ್ದ. ಗುರುಬಸಪ್ಪನವರಿಗೆ ಗೊತ್ತಿರಲಿಲ್ಲ. ಅವರು ಗುಂಡಿಗಳ ಒಡೆಯರು, ಒಂದು ದಿನವೂ ಸುಟ್ಟವರಲ್ಲ. ನನ್ನ ಒಂದು ಮಾತು ಸಾಕಾಗಿತ್ತು.

"ಮುಚ್ಚಿದ್ರೆ ಚೆನ್ನಾಗಿರುತ್ತೇನೋ" ಎಂದೆ.

"ಕೇಳುಸ್ತೇನ್ಲಾ?" ಎಂದರು ಅವರು.

ಜುಂಜಣ್ಣ ತಗಡು ಎತ್ತಿದ. ನಾನು ಹಾರಗಳ ಬುಟ್ಟಿ ಹೊತ್ತುಕೊಂಡು ಬಂದೆ. ಕೈಯೆಲ್ಲ ಎಣ್ಣೆ ಜಿಡ್ಡಾಯಿತು.

ತುಮಕೂರಿನ ಗಾಯಕಿ ಬಂದು ಮೊದಲ ಸಾಲಿನಲ್ಲಿ ಕೂತಿದ್ದರು. ಅರವತ್ತು ದಾಟಿದವರು, ಹತ್ತಿಯ ಸೀರೆ, ಮಡಿಲಲ್ಲಿ ಕೈಚೀಲ. ಮುಖಂಡರೂ ಬಂದು ವೇದಿಕೆಯ ಒಂದು ಬದಿಯ ಸೋಫಾದಲ್ಲಿ ಕೂತರು. ನಾನು ಮೈಕಿನಲ್ಲಿ ರಕ್ಷಿತಾಳ ಹೆಸರು ಹೇಳಿದೆ. ಅವಳು ಅವ್ವನ ಮದುವೆಯ ಸೀರೆಯಿಂದ ಹೊಲಿಸಿದ ಲಂಗ, ಹೊಸ ಕುಪ್ಪಸ ತೊಟ್ಟು ಬಂದು, ಜಮಖಾನೆಯ ಮೇಲೆ ಕೂತು, ಫೋನಿನಲ್ಲಿ ಶ್ರುತಿ ಹಚ್ಚಿ, ಮೈಕಿನ ಹತ್ತಿರ ಇಟ್ಟಳು. ಕಣ್ಣು ಮುಚ್ಚಿ ಆಲಾಪನೆ ಶುರು ಮಾಡಿದಳು.

ಆಲಾಪನೆ ಮೂರ್ನಾಲ್ಕು ನಿಮಿಷ. ಗಾಯಕಿ ಬೆರಳಿನಿಂದ ತೊಡೆಯ ಮೇಲೆ ಏನೋ ಬರೆಯುತ್ತಿರುವಂತೆ ಆಡಿಸುತ್ತಿದ್ದರು. ಪಲ್ಲವಿಯ ಮೊದಲ ಸಾಲಿಗೆ ಅವರ ತಲೆ ಅಲುಗಿತು. ನಾನು ನೋಡಿದೆ. ಸದ್ದು ಮಾಡುತ್ತಿದ್ದ ಮಕ್ಕಳೂ ಸುಮ್ಮನಾಗಿದ್ದರು.

ಹೊಗೆ ಎರಡನೆಯ ಸಾಲಿಗೆ ಬಂತು. ಹಾಲು ಉಕ್ಕುವಂತೆ ಬಂತು. ಹಿಂಗೋಡೆಯ ಜಾಲಂಧ್ರದ ಒಂದೊಂದು ತೂತಿನಿಂದಲೂ ಬೆಳ್ಳಗೆ, ದಪ್ಪಗೆ ಇಳಿದು ಜಮಖಾನೆಯ ಮೇಲೆ ಹರಡಿತು. ಮೂರು ಕಡೆ ಗೋಡೆ, ಮೇಲೆ ಸೂರು. ಹೊಗೆಗೆ ಹೋಗಲು ಜಾಗವಿರಲಿಲ್ಲ. ಕೆಳಗೆ ಕೂತವರಿಗೆ ವಾಸನೆ ಬಂತು, ಅಷ್ಟೆ. ಮುಖಂಡರು ಕರವಸ್ತ್ರ ಮೂಗಿಗೆ ಹಿಡಿದು ಸೋಫಾ ಬಿಟ್ಟು ಕೆಳಗಿಳಿದರು. ಗುರುಬಸಪ್ಪ, ವಿಮಲಾ ಮೇಡಂ, ನಾನು, ಎಲ್ಲರೂ ಅವರ ಹಿಂದೆ ಇಳಿದೆವು. ಅವಳನ್ನು ಇಳಿಸಬೇಕೆಂದು ಒಬ್ಬರಿಗೂ ಹೊಳೆಯಲಿಲ್ಲ.

ಅವಳು ಹಾಡುತ್ತಲೇ ಇದ್ದಳು. ಅನುಪಲ್ಲವಿಗೆ ಬಂದಳು. ಮೇಲಿನ ಷಡ್ಜಕ್ಕೆ ಹತ್ತಬೇಕಾದಲ್ಲಿ ಉಸಿರೆಳೆದಳು. ಎಳೆದದ್ದು ಹೊಗೆ. ಮೊದಲ ಕೆಮ್ಮು ಚಿಕ್ಕದು, ಅದನ್ನು ನುಂಗಿ ಮತ್ತೆ ಹತ್ತಿದಳು. ದನಿ ಎರಡಾಗಿ ಸೀಳಿತು. ಮತ್ತೆ ಅದೇ ಸಾಲು, ಮತ್ತೆ ಕೆಮ್ಮು. ಮೂರನೆಯ ಸಲಕ್ಕೆ ಬಗ್ಗಿ ಎರಡೂ ಕೈ ನೆಲಕ್ಕೆ ಊರಿ, ಹೊಟ್ಟೆಯಿಂದ ಕೆಮ್ಮಿದಳು. ಮೈಕು ಎಲ್ಲವನ್ನೂ ದೊಡ್ಡದು ಮಾಡಿ ಊರಿಗೆ ಕೇಳಿಸಿತು. ಬಾಯಿ ಒರೆಸಿಕೊಂಡ ಕೈಯಲ್ಲಿ ಕಪ್ಪು ಜೊಲ್ಲಿತ್ತು. ಅವಳು ಅದನ್ನು ಒಂದು ಕ್ಷಣ ನೋಡಿ, ಲಂಗಕ್ಕೆ ಒರೆಸದೆ, ಜಮಖಾನೆಯ ಅಂಚಿಗೆ ಒರೆಸಿದಳು. ಶ್ರುತಿ ಒಂದೇ ಸಮನೆ ಹಾಡುತ್ತಿತ್ತು.

ಹೊಗೆ ಸ್ವಲ್ಪ ತೆಳುವಾದ ಮೇಲೆ ಗುರುಬಸಪ್ಪ ಮುಖಂಡರನ್ನು ಕರೆದುಕೊಂಡು ವೇದಿಕೆ ಹತ್ತಿದರು. ಮೈಕು ಹಿಡಿದು, "ಯಾರೂ ಗಾಬ್ರಿ ಆಗ್ಬೇಡಿ. ಇದು ನಮ್ ತೆಂಗಿನ ಸೀಮೆ ಸಾಂಬ್ರಾಣಿ!" ಎಂದರು. ಜನ ನಕ್ಕರು. ಮುಖಂಡರು, "ಹುಡುಗಿ ಕೆಮ್ಮಿದ್ರೂ ರಾಗವಾಗೇ ಕೆಮ್ತಾಳೆ ಕಣ್ರಯ್ಯಾ" ಎಂದರು. ಜನ ಇನ್ನೂ ಜೋರಾಗಿ ನಕ್ಕರು. ರಕ್ಷಿತಾಳನ್ನು ನಿಲ್ಲಿಸಿ, ಅತಿಥಿಗಳಿಗೆಂದು ತಂದಿದ್ದ ಹಾರಗಳಲ್ಲಿ ಒಂದನ್ನು ಮುಖಂಡರೇ ಅವಳ ಕೊರಳಿಗೆ ಹಾಕಿದರು. ಭಾರಕ್ಕೆ ಅವಳ ಕುತ್ತಿಗೆ ಮುಂದಕ್ಕೆ ಬಾಗಿತು. ಹೊಸ ಕುಪ್ಪಸದ ಮೇಲೆ ಒಂದೊಂದು ಕೊಬ್ಬರಿಗೂ ಒಂದೊಂದು ದುಂಡನೆಯ ಎಣ್ಣೆ ಕಲೆ ಮೂಡಿತು. ಅವಳು ಇನ್ನೂ ಕೆಮ್ಮುತ್ತಿದ್ದಳು. ಫೋಟೋದವನು, "ಸ್ವಲ್ಪ ಕೆಮ್ಮು ನಿಲ್ಸಮ್ಮ, ಮುಖ ಅಲ್ಲಾಡ್ತದೆ" ಎಂದ.

ನಾನು ಎರಡನೆಯ ಮೈಕಿನಲ್ಲಿ, "ಜೋರಾದ ಚಪ್ಪಾಳೆ" ಎಂದೆ.

ಗಾಯಕಿ ಚಪ್ಪಾಳೆ ತಟ್ಟಲಿಲ್ಲ. ಎದ್ದು ವಿಮಲಾ ಮೇಡಂ ಹತ್ತಿರ ಬಂದರು. ನಾನು ಪಕ್ಕದಲ್ಲೇ ಇದ್ದೆ.

"ಪಲ್ಲವಿ ತುಂಬ ಚೆನ್ನಾಗಿ ತಗೊಂಡಳು. ಮಗುವಿಗೆ ಇದು ಹೊಗೆಯಿಂದ ಆದದ್ದೋ, ಮೊದಲಿಂದ ಗಂಟಲು ಹೀಗೇನೋ?"

ವಿಮಲಾ ಮೇಡಂ ಗುರುಬಸಪ್ಪನವರ ಕಡೆ ನೋಡಿದರು. "ಹೊಗೆ ಒಂದೈದು ನಿಮಿಷದ್ದು ಮೇಡಂ, ಅದೇನಿಲ್ಲ. ಅವಳಿಗೆ ಆಗಾಗ ಕೆಮ್ಮು ಬರ್ತಾ ಇರುತ್ತೆ."

"ಹಾಗಾದ್ರೆ ಯೋಚಿಸ್ಬೇಕು. ದಿನಕ್ಕೆ ಐದಾರು ಗಂಟೆ ಸಾಧನೆ ಮಾಡಿಸ್ತೀನಿ ನಾನು. ಯಾವುದಕ್ಕೂ ಶಾಲೆಯಿಂದ ನಂಗೊಂದು ಕಾಗದ ಬರೆದು ಕಳಿಸಿ, ನಿಜಸ್ಥಿತಿ ಏನು ಅಂತ."

ಅವರು ಊಟಕ್ಕೂ ನಿಲ್ಲಲಿಲ್ಲ.

ಕಾಗದ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಶಾಲೆಯಲ್ಲಿ ಬರವಣಿಗೆಯೆಲ್ಲ ನನ್ನದೇ. ವಿಮಲಾ ಮೇಡಂ, "ಹೊಗೆ ಗಿಗೆ ಅಂತ ಬೇಡ ಕಣ್ರೀ. ಗೇಟಿನ ಕೆಲಸ ಅರ್ಧಕ್ಕೆ ನಿಂತಿದೆ. ಮೊದಲಿಂದ ಕೆಮ್ಮಿದೆ ಅಂತ ಬರೆದುಬಿಡಿ" ಎಂದರು. ಅಷ್ಟು ದೊಡ್ಡ ಸುಳ್ಳು ಬರೆಯಲು ನನಗೆ ಮನಸ್ಸಾಗಲಿಲ್ಲ. ನಾನು ನಡುವಿನ ದಾರಿ ಹುಡುಕಿದೆ. ಹವಾಮಾನದ ಬದಲಾವಣೆಯಿಂದಾಗಿ ವಿದ್ಯಾರ್ಥಿನಿಗೆ ಅಂದು ಗಂಟಲು ಕಟ್ಟಿತ್ತು ಎಂದು ಬರೆದೆ. ಹುಡುಗಿಗೂ ಕೆಟ್ಟದ್ದಲ್ಲ, ಸಾಹುಕಾರರಿಗೂ ತೊಂದರೆಯಿಲ್ಲ ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. ನಿಜ ಬರೆದರೆ ಗುಂಡಿಯ ಹತ್ತಿರ ನಾನು ಆಡಿದ ಮಾತೂ ಹೊರಗೆ ಬರುತ್ತಿತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ.

ಉತ್ತರ ಹದಿನೈದು ದಿನಕ್ಕೆ ಬಂತು. ನಾಲ್ಕೇ ಸಾಲು. ಹವೆ ಸ್ವಲ್ಪ ಬದಲಾದರೆ ಕಟ್ಟುವ ಗಂಟಲಿಗೆ ಈ ಶಿಕ್ಷಣದ ಭಾರ ಹೊರಿಸುವುದು ಕ್ರೌರ್ಯ, ಮಗುವಿನ ಸ್ವರಜ್ಞಾನ ಒಳ್ಳೆಯದಿದೆ, ಮನೆಯಲ್ಲಿ ಹಾಡಿಕೊಂಡಿರಲಿ, ಆಶೀರ್ವಾದಗಳು. ವಿಮಲಾ ಮೇಡಂ ಅದನ್ನು ನನಗೆ ಕೊಟ್ಟು, "ನೀವೇ ಹೇಳ್ಬಿಡಿ ಅವಳಿಗೆ" ಎಂದರು.

ರಕ್ಷಿತಾಳನ್ನು ಆಟದ ಸಾಮಾನಿನ ಕೋಣೆಯ ಮುಂದೆ ಕರೆದು ಕಾಗದ ಕೊಟ್ಟೆ. ಅವಳು ನಿಂತೇ ಓದಿದಳು, ಎರಡು ಸಲ.

"ಹವೆ ಅಂತ ಯಾರ್ ಬರ್ದಿದ್ದು ಸಾರ್?"

"ನಾನೇ ಕಣಮ್ಮ."

ಅವಳು ತಲೆ ಎತ್ತಲಿಲ್ಲ. "ಆವತ್ತು ಬಿಸ್ಲಿತ್ತು" ಎಂದಳು. ಕಾಗದವನ್ನು ಮಡಿಸಿ ನನಗೆ ವಾಪಸು ಕೊಟ್ಟು ಹೋದಳು.

ಎರಡು ದಿನ ಬಿಟ್ಟು ಮತ್ತೆ ಬಂದಳು. ಪರೀಕ್ಷೆ ಹತ್ತಿರವಿತ್ತು, ವಿಶೇಷ ತರಗತಿಗಳು ನಡೆಯುತ್ತಿದ್ದವು. ಕೈಯಲ್ಲಿ ಗೆರೆ ಹಾಕಿದ ಒಂದು ಹಾಳೆ. "ತುಮ್ಕೂರಿನ ಮೇಡಂಗೆ ಬರ್ದಿದೀನಿ ಸಾರ್. ನೋಡಿ."

ನಾನು ಓದಿದೆ. ಅವಳು ಹೇಗೆ ಹಾಡಿದಳು ಎಂಬುದರ ಬಗ್ಗೆ ಅದರಲ್ಲಿ ಒಂದು ಮಾತೂ ಇರಲಿಲ್ಲ. ಬರೆದಿದ್ದದ್ದು ಇದು: ಅಂದು ಬೆಳಿಗ್ಗೆ ಮೂರು ಗುಂಡಿಗಳು ಉರಿಯುತ್ತಿದ್ದವು, ಆಗ ಹೊಗೆ ಕಡಿಮೆ ಇತ್ತು. ಉರಿಯುವಾಗಲೇ ಮುಚ್ಚಬಾರದೆಂದು ನನ್ನ ತಂದೆ ಹೇಳಿದರು. ಆದರೂ ಮುಚ್ಚಿಸಿದರು. ಮುಚ್ಚಿದ ಮೇಲೆ ಹೊಗೆ ವೇದಿಕೆಗೆ ಬಂತು. ನನಗೆ ಅದಕ್ಕೆ ಮೊದಲು ಕೆಮ್ಮು ಇರಲಿಲ್ಲ, ಈಗಲೂ ಇಲ್ಲ. ಇನ್ನೊಮ್ಮೆ ಕೇಳಿದರೆ ಹಾಡುತ್ತೇನೆ. ಇಷ್ಟೇ. ಯಾರು ಮುಚ್ಚಿಸಿದರು, ಯಾರು ಹೂಂಗುಟ್ಟಿದರು ಎಂದು ಬರೆದಿರಲಿಲ್ಲ. ಕೆಳಗೆ, ಇದು ನಿಜವೆಂದು ಬಲ್ಲವರು ಎಂದು ಬರೆದು ಎರಡು ಗೆರೆ ಎಳೆದಿದ್ದಳು. ಮೊದಲನೆಯದರ ಮೇಲೆ ಜುಂಜಣ್ಣನ ಸಹಿ. ಅಕ್ಷರಗಳು ಒಂದೊಂದೂ ಒಂದೊಂದು ಎತ್ತರ, ಒತ್ತಿ ಬರೆದು ಹಾಳೆ ತೂತಾಗಿತ್ತು. ಸಹಿ ಹಾಕಿದರೆ ಕೆಲಸ ಹೋಗುತ್ತದೆಂದು ಅವನಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

"ಇನ್ನೊಂದು ನೀವು ಹಾಕಿ ಸಾರ್. ಅಪ್ಪ ಹೇಳ್ತು, ನೀವೂ ಅಲ್ಲೇ ಇದ್ರಿ ಅಂತ."

"ಇನ್ನೇನು ಹೇಳಿದ್ರು ಅಪ್ಪ?"

"ಅಷ್ಟೇ."

ಜುಂಜಣ್ಣ ಅವಳಿಗೆ ನನ್ನ ಮಾತನ್ನು ಹೇಳಿರಲಿಲ್ಲ. ಅಥವಾ ಹೇಳಿದ್ದ, ಅವಳು ಹೇಳಲಿಲ್ಲ. ನಾನು ಹಾಳೆಯನ್ನು ಹಿಡಿದುಕೊಂಡೇ ನಿಂತೆ. ಜೇಬಿನಲ್ಲಿ ಪೆನ್ನಿತ್ತು. ಅದನ್ನು ತೆಗೆದೆ ಕೂಡ. ಒಂದು ಕಡೆ ಬಿಟ್ಟುಹೋಗಿದ್ದ ಪೂರ್ಣವಿರಾಮ ಹಾಕಿದೆ. ಆಮೇಲೆ, "ನಾನು ಸರ್ಕಾರಿ ನೌಕರ ಕಣಮ್ಮ, ಹೆಡ್ ಮೇಡಂ ಅನುಮತಿ ಇಲ್ಲದೆ ಹೀಗೆಲ್ಲ ಸಹಿ ಹಾಕಕ್ಕೆ ಬರಲ್ಲ" ಎಂದು ವಾಪಸು ಕೊಟ್ಟೆ.

ಅವಳು ಹಾಳೆ ತೆಗೆದುಕೊಂಡಳು. ನಾನು ಹಾಕಿದ ಚುಕ್ಕೆಯನ್ನು ನೋಡಿದಳು.

"ಪರ್ವಾಗಿಲ್ಲ ಬುಡಿ ಸಾರ್. ಅಪ್ಪ ಹಾಕೈತೆ" ಎಂದಳು. ತರಗತಿಯ ಕಡೆ ನಡೆದಳು. ಖಾಲಿ ಗೆರೆ ಇದ್ದ ಹಾಗೆಯೇ ಆ ಕಾಗದ ತುಮಕೂರಿಗೆ ಹೋಯಿತು.

ಪರೀಕ್ಷೆ ಮುಗಿದ ವಾರ ಆ ಗಾಯಕಿ ಅವಳನ್ನು ಕರೆಸಿಕೊಂಡರು. ಒಂದು ಗಂಟೆ ಹಾಡಿಸಿದರಂತೆ, ಕೀರ್ತನೆಯನ್ನು ಪೂರ್ತಿ ಕೇಳಿದರಂತೆ, ಜೂನ್‌ಗೆ ಬಂದು ಸೇರು ಎಂದರಂತೆ. ಇದನ್ನೆಲ್ಲ ನಾನು ಬೇರೆಯವರ ಬಾಯಿಂದ ಕೇಳಿದೆ. ಅಷ್ಟು ಹೊತ್ತಿಗೆ ಜುಂಜಣ್ಣ ಗುಂಡಿಯ ಕೆಲಸದಲ್ಲಿ ಇರಲಿಲ್ಲ. ಅವನೇ ಬಿಟ್ಟನೋ, ಬಿಡಿಸಿದರೋ, ನಾನು ಕೇಳಲಿಲ್ಲ. ಗೋಡೆಯ ಆ ಕಡೆ ಬೇರೆ ಯಾರೋ ಸುಡುತ್ತಿದ್ದರು.

ಮೇ ತಿಂಗಳ ಕೊನೆಯಲ್ಲಿ ಶಾಲೆ ತೆರೆಯುವ ಮೊದಲು ವಿಮಲಾ ಮೇಡಂ ನನ್ನನ್ನು ಕರೆದರು. ಬಹಳ ಖುಷಿಯಲ್ಲಿದ್ದರು. ಹೊಸ ಗೇಟಿಗೆ ಬಣ್ಣ ಬಳಿಯುತ್ತಿದ್ದರು.

"ನೋಡಿದ್ರಾ, ನಮ್ಮ ರಕ್ಷಿತಾ! ಶಾಲೆಗೆ ಹೆಸರು ಬಂತು. ವಾರ್ಷಿಕ ವರದೀಲಿ ಒಂದು ನಾಲ್ಕು ಸಾಲು ಸೇರಿಸ್ಬಿಡಿ. ಸಾಹುಕಾರ್ರ ಹೆಸರೂ ಬರ್ಲಿ, ವೇದಿಕೆ ಅವ್ರದ್ದು ಅಲ್ವಾ?"

ನಾನು ಕೂತು ಬರೆದೆ. ದಾನಿಗಳು ನಿರ್ಮಿಸಿಕೊಟ್ಟ ಸುಸಜ್ಜಿತ ವೇದಿಕೆಯಲ್ಲಿ ಶಾಸ್ತ್ರೀಯ ಗಾಯನ ಪ್ರಸ್ತುತಪಡಿಸಿ, ಶಿಕ್ಷಕರ ಸತತ ಪ್ರೋತ್ಸಾಹ ಮತ್ತು ಮಾರ್ಗದರ್ಶನದಿಂದ, ನಮ್ಮ ಶಾಲೆಯ ವಿದ್ಯಾರ್ಥಿನಿಯು ಉನ್ನತ ಸಂಗೀತ ಶಿಕ್ಷಣಕ್ಕೆ ಆಯ್ಕೆಯಾಗಿರುವುದು ಹೆಮ್ಮೆಯ ಸಂಗತಿ. ಒಂದು ಕಾಟು ಹೊಡೆಯದೆ, ದುಂಡಗೆ ಬರೆದೆ. ಕೊನೆಯಲ್ಲಿ, ವರದಿ ಸಿದ್ಧಪಡಿಸಿದವರು ಎಂದಿದ್ದ ಕಡೆ ಸಹಿ ಹಾಕಿದೆ.